ಬಸ್ಸು ಹೊರಡುವ ಮುನ್ನ

ರಾತ್ರಿ ಹತ್ತು ಗಂಟೆಗೆ ಬೆಂಗಳೂರಿನಲ್ಲಿ ಬಸ್ಸು ಹತ್ತಿದ ಸಂಸಾರವೊಂದು ಬೆಳಗಾಗುವ ಹೊತ್ತಿಗೆ ಮಂಗಳೂರಿನಲ್ಲಿ ಕಣ್ಣು ತೆರೆಯುತ್ತದೆ. ಶಿರಾಡಿ ಘಟ್ಟದ ತಿರುವುಗಳು ಯಾವಾಗ ಕಳೆದುವೆಂಬುದು ನಿದ್ರಿಸುತ್ತಿದ್ದ ಮಕ್ಕಳಿಗೂ ತಿಳಿಯದು, ತಾಯಿತಂದೆಯರಿಗೂ ತಿಳಿಯದು. ಇಳಿಯುವಾಗ ಚಾಲಕನ ಮುಖವನ್ನು ನೋಡುವವರೂ ವಿರಳ.

ಅನಾಹುತವಾದಾಗ ಮಾತ್ರ ಎಲ್ಲರ ದೃಷ್ಟಿಯೂ ಅವನತ್ತ ಹೊರಳುತ್ತದೆ. ‘ಗಾಡಿ ಓಡಿಸುತ್ತಿದ್ದವನು ಯಾರು?’ ಎಂಬುದೇ ಮೊದಲ ಪ್ರಶ್ನೆ. ಹಿಂದಿನ ರಾತ್ರಿ ಅವನು ಎಷ್ಟು ಹೊತ್ತು ಮಲಗಿದ್ದನು, ಬ್ರೇಕನ್ನು ಕಡೆಯ ಬಾರಿ ಪರೀಕ್ಷಿಸಿದ್ದು ಎಂದು, ಬೇಗ ತಲುಪಬೇಕೆಂದು ಅವಸರಪಡಿಸಿದವರು ಯಾರು ಎಂಬುದನ್ನು ಕೇಳುವವರು ಕಡಮೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳು ಸಂಭವಿಸಿ 1,68,491 ಮಂದಿ ಮಡಿದರು. ಇಷ್ಟು ದೊಡ್ಡ ನಷ್ಟದ ಹೊಣೆಯನ್ನು ಚಾಲಕರ ಹೆಗಲಿಗಷ್ಟೇ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ.

ನಿದ್ರೆಯ ಲೆಕ್ಕ

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಾಗುವ ಬಸ್ಸು ಸೆಕೆಂಡಿಗೆ 22 ಮೀಟರ್ ದೂರವನ್ನು ಕ್ರಮಿಸುತ್ತದೆ. ಚಾಲಕನ ರೆಪ್ಪೆ ಮೂರು ಸೆಕೆಂಡು ಮುಚ್ಚಿತೆಂದರೆ 66 ಮೀಟರ್ ದೂರ ಆ ಬಸ್ಸಿಗೆ ದಿಕ್ಕಿಲ್ಲ. ಹದಿನೇಳು ಗಂಟೆ ಎಡೆಬಿಡದೆ ಎಚ್ಚರವಿದ್ದವನ ಚುರುಕುತನವು, ನೂರು ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವನ ಮಟ್ಟಕ್ಕೆ ಕುಸಿಯುತ್ತದೆಂದು 1997ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಭಾರತದ ಕಾನೂನು ಚಾಲಕನಿಗೆ ವಿಧಿಸಿರುವ ಮಿತಿ 30 ಮಿಲಿಗ್ರಾಂ. ಕುಡಿದವನನ್ನು ಕಂಡು ಹೌಹಾರುವ ಯಜಮಾನನು ನಿದ್ದೆಗೆಟ್ಟವನ ಕೈಗೆ ಬೀಗದ ಕೈ ಕೊಡುವುದು ಎಂಥ ವಿವೇಕ?

ಈ ಅಪಾಯವನ್ನು ಕಾನೂನು ಅರಿಯದೆ ಇರಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ದುಡಿಮೆಯೆಂದು ಗೊತ್ತುಪಡಿಸಿತು. ಆದರೆ ಕಾಯಿದೆ ಪುಸ್ತಕದಲ್ಲಿರುತ್ತದೆ. ಬಸ್ಸು ಹೊರಡುವುದು ಡಿಪೋದಿಂದ.

ಪದಕ ಮತ್ತು ಪರೀಕ್ಷೆ

1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಆರಂಭವಾದ ಮೈಸೂರು ಸರ್ಕಾರದ ಸಾರಿಗೆ ಇಲಾಖೆಯೇ 1961ರಲ್ಲಿ ನಿಗಮವಾಗಿ, ಇಂದಿನ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವಾಗಿ ಬೆಳೆಯಿತು. ಅಪಘಾತವಿಲ್ಲದೆ ಐದು ವರ್ಷ ಬಸ್ಸು ನಡೆಸಿದವರಿಗೆ ಬೆಳ್ಳಿಯ ಪದಕವನ್ನೂ ಹದಿನೈದು ವರ್ಷ ನಡೆಸಿದವರಿಗೆ ಚಿನ್ನದ ಪದಕವನ್ನೂ ನೀಡುವ ಸಂಪ್ರದಾಯ ಈ ನಿಗಮದಲ್ಲಿದೆ. ಏನೂ ಆಗದಂತೆ ನೋಡಿಕೊಂಡವನನ್ನು ಕರೆದು ಗೌರವಿಸುವುದು ಸಣ್ಣ ಮಾತಲ್ಲ. ಆಗದೆ ಹೋದ ಅಪಘಾತವು ಯಾವ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲವಲ್ಲ!

ಆದರೂ ವಾಹನ ನಡೆಸುವ ಯಾವ ಸಂಸ್ಥೆಗಾದರೂ ನಿಜವಾದ ಪರೀಕ್ಷೆ ಪದಕದ ಸಮಾರಂಭದಲ್ಲಿ ನಡೆಯುವುದಲ್ಲ. ನಸುಕಿನಲ್ಲಿ ಗಾಡಿ ತೆಗೆಯಲು ಬಂದ ಚಾಲಕನು ಬ್ರೇಕನ್ನು ಒತ್ತಿ ನೋಡಿ, ‘ಸ್ವಾಮಿ, ಈ ಗಾಡಿಯನ್ನು ನಾನು ಇಂದು ತೆಗೆದುಕೊಂಡು ಹೋಗಲಾರೆ’ ಎನ್ನುತ್ತಾನೆ. ಪ್ರಯಾಣಿಕರು ಕಾದಿದ್ದಾರೆ, ಬದಲಿ ಗಾಡಿಯಿಲ್ಲ, ಆ ದಿನದ ಗಳಿಕೆ ಕೈತಪ್ಪುತ್ತದೆ. ಆಗ ಮೇಲಧಿಕಾರಿಯ ಬಾಯಿಂದ ಬರುವ ಮೊದಲ ಮಾತೇ ಆ ಸಂಸ್ಥೆಯ ಸುರಕ್ಷತೆಯ ಅಳತೆಗೋಲು. ‘ನಿನ್ನೆ ಓಡಿತಲ್ಲ, ಇಂದೇನಾಯಿತು?’ ಎಂದು ಗದರಿದರೆ ಆ ಚಾಲಕ ನಾಳೆ ಬಾಯಿ ಬಿಡುವುದಿಲ್ಲ. ಅವನನ್ನು ನೋಡಿದ ಇತರರೂ ಬಿಡುವುದಿಲ್ಲ. ‘ಹೇಳಿದ್ದು ಒಳ್ಳೆಯದಾಯಿತು’ ಎಂದು ಮೆಕ್ಯಾನಿಕನನ್ನು ಕರೆಸಿದರೆ, ಗೋಡೆಯ ಮೇಲಿನ ಹತ್ತು ಘೋಷವಾಕ್ಯಗಳು ಮಾಡದ ಕೆಲಸವನ್ನು ಆ ಒಂದು ಮಾತು ಮಾಡುತ್ತದೆ.

ಬಹುಮಾನದಲ್ಲಿಯೂ ಒಂದು ಸೂಕ್ಷ್ಮವಿದೆ. ಅಪಘಾತಗಳ ಸಂಖ್ಯೆಯನ್ನಷ್ಟೇ ಎಣಿಸತೊಡಗಿದರೆ, ಸಣ್ಣಪುಟ್ಟ ತಪ್ಪುಗಳನ್ನು ಮುಚ್ಚಿಡುವ ಆಸೆ ಹುಟ್ಟುತ್ತದೆ. ಕೂದಲೆಳೆಯಲ್ಲಿ ತಪ್ಪಿದ ಅಪಾಯವನ್ನು ತಾನಾಗಿ ಬಂದು ತಿಳಿಸಿದವನಿಗೂ ಮನ್ನಣೆ ಸಿಗಬೇಕು. ಅಮೆರಿಕದ ವಿಮಾನಯಾನದಲ್ಲಿ 1976ರಿಂದಲೂ ಇಂಥ ಏರ್ಪಾಡಿದೆ: ಪೈಲಟರು ತಮ್ಮ ತಪ್ಪನ್ನು ಗೋಪ್ಯವಾಗಿ ವರದಿ ಮಾಡಬಹುದು; ಆ ಹೆಸರುಗಳು ಹೊರಬೀಳುವುದಿಲ್ಲ. ಒಬ್ಬರ ತಪ್ಪು ನೂರು ಮಂದಿಗೆ ಪಾಠವಾಗುತ್ತದೆ. ಐದು ಲಾರಿಗಳ ಮಾಲೀಕನೂ ಒಂದು ನೋಟುಪುಸ್ತಕವಿಟ್ಟು ಇದನ್ನು ಆರಂಭಿಸಬಹುದು.

ಒಂದು ದಿನದ ಯಜಮಾನರು

ಇದೆಲ್ಲ ಸಾರಿಗೆ ಸಂಸ್ಥೆಗಳ ಚಿಂತೆ, ಗೃಹಸ್ಥರಿಗೇಕೆ ಎನ್ನಬಹುದು. ಆದರೆ ರಜೆ ಬಂದೊಡನೆ ವ್ಯಾನೊಂದನ್ನು ಗೊತ್ತುಮಾಡಿಕೊಂಡು ಧರ್ಮಸ್ಥಳ, ಸುಬ್ರಹ್ಮಣ್ಯ, ಕೊಲ್ಲೂರು ಎಂದು ಹೊರಡುವ ಸಂಸಾರವೂ ಆ ಚಾಲಕನಿಗೆ ಒಂದು ದಿನದ ಯಜಮಾನನೇ. ‘ಇಷ್ಟು ದೂರ ಬಂದಿದ್ದೇವೆ, ಇನ್ನೊಂದು ದೇವಸ್ಥಾನ ನೋಡಿಬಿಡೋಣ’ ಎನ್ನುವವರೂ, ‘ರಾತ್ರಿಯೇ ಹೊರಟರೆ ಕೊಠಡಿಯ ಬಾಡಿಗೆ ಉಳಿಯುತ್ತದೆ’ ಎನ್ನುವವರೂ ಆ ಸಂಸಾರದವರೇ. ಮನೆಯವರೆಲ್ಲ ಛತ್ರದಲ್ಲಿ ಚಾಪೆ ಹಾಸಿ ಮಲಗಿದಾಗ, ಚಾಲಕ ಸೀಟಿನಲ್ಲೇ ಕಾಲು ಮಡಚಿ ರಾತ್ರಿ ಕಳೆಯುತ್ತಾನೆ.

ಮುಂದಿನ ಯಾತ್ರೆಯಲ್ಲಿ ಅವನಿಗೂ ಒಂದು ಚಾಪೆ, ಒಂದು ದಿಂಬು, ಆರು ಗಂಟೆಯ ನಿದ್ರೆ ದೊರೆಯಲಿ. ಹೊರಡುವ ಮುನ್ನ ದೇವರಿಗೆ ಕಾಯಿ ಒಡೆಯುವುದರ ಜೊತೆಗೆ, ‘ನಿದ್ದೆ ಚೆನ್ನಾಗಿ ಬಂತೇನಪ್ಪಾ? ಗಾಡಿ ಸರಿಯಿದೆಯೇ?’ ಎಂದು ಹಿರಿಯರು ಕೇಳಲಿ. ಅವನು ‘ಇಲ್ಲ’ ಎಂದರೆ ಸಿಡುಕದೆ ಕಾಯಲಿ.