ಪಠ್ಯಪುಸ್ತಕದ ಮೂಲೆಯ ಚೌಕ

ಪ್ರಾಥಮಿಕ ಶಾಲೆಯ ಉಪಾಧ್ಯಾಯವೃತ್ತಿಯು ಬಳಪ, ಕರಿಹಲಗೆ, ಹಾಜರಿಪುಸ್ತಕಗಳಲ್ಲಿ ಮೊದಲಾಗಿ ಅಲ್ಲಿಯೇ ಪರಿಸಮಾಪ್ತಿಯಾಗುವುದೆಂದು ನಂಬಿ ಬೆಳೆದ ನಮ್ಮಂಥವರಿಗೆ, ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಮಾಸ್ತರರೊಬ್ಬರ ವೃತ್ತಾಂತವು ಸ್ವಲ್ಪ ವಿಸ್ಮಯವನ್ನೇ ಉಂಟುಮಾಡುತ್ತದೆ. ಇಂಜಿನಿಯರಿಂಗ್ ವ್ಯಾಸಂಗವನ್ನು ನಡುವೆಯೇ ತೊರೆದು, ತಂದೆಯ ಸಲಹೆಯಂತೆ ಶಿಕ್ಷಕ ತರಬೇತಿಗೆ ಸೇರಿದ್ದ ರಣಜಿತ್‌ಸಿಂಹ ಡಿಸಲೆಯವರು 2009ರಲ್ಲಿ ಅಲ್ಲಿಗೆ ಬಂದಾಗ ಕಂಡದ್ದು, ಒಂದು ಮಗ್ಗುಲಿಗೆ ದನದ ಕೊಟ್ಟಿಗೆ, ಇನ್ನೊಂದು ಮಗ್ಗುಲಿಗೆ ಉಗ್ರಾಣವಿದ್ದ ಜೀರ್ಣ ಕಟ್ಟಡವನ್ನು.

ಕಟ್ಟಡಕ್ಕಿಂತಲೂ ದೊಡ್ಡ ತೊಡಕು ಭಾಷೆಯದು. ಅಲ್ಲಿನ ಹೆಣ್ಣುಮಕ್ಕಳ ಮನೆಮಾತು ಕನ್ನಡವಾಗಿದ್ದು ಪಾಠವು ಬೇರೆ ನುಡಿಯಲ್ಲಿತ್ತೆಂದು, ಮುಂದೆ ಅವರಿಗೆ ಸಂದ ಪ್ರಶಸ್ತಿಯ ವಿವರಣೆಯೇ ಹೇಳುತ್ತದೆ. ಮನೆಯಲ್ಲಿ ‘ನೀರು’ ಎಂದು ಬೇಡಿ ಕುಡಿದು ಬಂದ ಮಗುವು ಶಾಲೆಯಲ್ಲಿ ‘ಪಾಣಿ’ ಎಂದು ಓದಬೇಕಾದ ಸಂಕಟವನ್ನು ಗಡಿನಾಡಿನ ಜನರಿಗೆ ವಿವರಿಸಬೇಕಾಗಿಲ್ಲ. ಮಾಸ್ತರರು ಸ್ವತಃ ಕನ್ನಡವನ್ನು ಕಲಿತು, ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಪುಸ್ತಕಗಳನ್ನು ಹೊಸದಾಗಿ ಅಣಿಗೊಳಿಸಿ, ಪದ್ಯ, ಕಥೆ, ಪಾಠ, ಅಭ್ಯಾಸಗಳು ಕನ್ನಡದಲ್ಲಿಯೇ ಕೇಳುವಂತೆ, ಕಾಣುವಂತೆ ಅವುಗಳಲ್ಲಿ ಕ್ಯೂಆರ್ ಸಂಕೇತಗಳನ್ನು ಅಳವಡಿಸಿದರು. ಯಂತ್ರದ ಮಾತನ್ನೆತ್ತಿದೊಡನೆ ಕಂಪ್ಯೂಟರುಗಳ ಖರೀದಿಯ ಪಟ್ಟಿಯನ್ನು ಮುಂದಿಡುವವರು ಈ ಅನುಕ್ರಮವನ್ನು, ಅಂದರೆ ಮೊದಲು ನುಡಿ, ಅನಂತರ ಸಾಧನ ಎಂಬುದನ್ನು, ಕೊಂಚ ನಿಂತು ನೋಡಬೇಕೆಂದು ನನಗೆ ತೋರುತ್ತದೆ.

ಆ ಸಂಕೇತವಾದರೂ ಶಾಲೆಗಾಗಿ ಹುಟ್ಟಿದ್ದಲ್ಲ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆಯ ಮಸಾಹಿರೊ ಹರಾ ಮತ್ತು ಸಂಗಡಿಗರು ಮೋಟಾರು ವಾಹನಗಳ ಬಿಡಿಭಾಗಗಳ ಲೆಕ್ಕವಿಡಲೆಂದು ರೂಪಿಸಿದ್ದು. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳು ಕ್ಯಾಮರಾಕ್ಕೆ ದಿಕ್ಕನ್ನು ತೋರಿಸುತ್ತವೆ. ಉಳಿದ ಚುಕ್ಕೆಗಳಲ್ಲಿ ಮಾಹಿತಿಯು ಅಡಗಿರುತ್ತದೆ. ತಿದ್ದುವಿಕೆಯ ಅತ್ಯುಚ್ಚ ಮಟ್ಟದಲ್ಲಿ ಮುದ್ರಿಸಿದಾಗ ಸುಮಾರು ಶೇಕಡ 30ರಷ್ಟು ಭಾಗವು ಕೆಟ್ಟರೂ ಓದಬಲ್ಲುದು. ಎಣ್ಣೆಗೈಯ ಗುರುತು, ಸಾರಿನ ಕಲೆ, ಮಡಿಚಿದ ಹಾಳೆ ಇವೆಲ್ಲವುಗಳಿಗೆ ನಿತ್ಯವೂ ಒಳಗಾಗುವ ಬಾಲಪಾಠದ ಪುಸ್ತಕಕ್ಕೆ ಇದಕ್ಕಿಂತ ಒಪ್ಪುವ ಗುಣ ಇನ್ನಾವುದು?

2017ರಲ್ಲಿ ಮಹಾರಾಷ್ಟ್ರ ಸರ್ಕಾರವು ಈ ಕ್ರಮವನ್ನು ರಾಜ್ಯದ ಎಲ್ಲ ತರಗತಿಗಳಿಗೂ ವಿಸ್ತರಿಸುವುದಾಗಿ ಸಾರಿತು; ಮರುವರ್ಷ ಎನ್‌ಸಿಇಆರ್‌ಟಿ ಪುಸ್ತಕಗಳಿಗೂ ಅಂಥದೇ ಘೋಷಣೆಯಾಯಿತು. ನಮ್ಮ ಕರ್ನಾಟಕದ ಪಠ್ಯಪುಸ್ತಕಗಳಲ್ಲಿಯೂ ಈಗ ಆ ಸಂಕೇತದ ಚೌಕವಿದ್ದು, ಅದನ್ನು ಮೊಬೈಲಿಗೆ ತೋರಿದರೆ ‘ದೀಕ್ಷಾ’ ಎಂಬ ಕಲಿಕೆಯ ಜಾಲತಾಣದಲ್ಲಿನ ಪಾಠ ತೆರೆಯುತ್ತದೆ. ತೆರೆಯುವುದು, ಮನೆಯ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗದಿದ್ದರೆ.

2020ರ ಡಿಸೆಂಬರಿನಲ್ಲಿ ಡಿಸಲೆಯವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ದೊರೆತಾಗ ಅದರೊಡನೆ ಬಂದ ಹಣ 10 ಲಕ್ಷ ಡಾಲರು. ಅದರಲ್ಲಿ ಅರ್ಧವನ್ನು, ಕೊನೆಯ ಸುತ್ತಿನಲ್ಲಿ ತಮ್ಮೊಡನಿದ್ದ ಉಳಿದ ಒಂಬತ್ತು ಮಂದಿ ಶಿಕ್ಷಕರಿಗೆ, ತಲಾ 55,000 ಡಾಲರಿಗೆ ಸ್ವಲ್ಪ ಹೆಚ್ಚಾಗಿ, ಅವರು ಹಂಚಿಬಿಟ್ಟರು.