ಜಾಮ್ ಆದ ದೋಣಿ ಎಂಜಿನ್: ತಪ್ಪು ಕಲ್ಪನೆ ಮತ್ತು ಸತ್ಯ

ಕೈಯಿಂದ ತಿರುಗಿಸಿದರೂ, ಸೆಲ್ಫ್ ಹೊಡೆದರೂ ಕ್ರ್ಯಾಂಕ್ ಶಾಫ್ಟ್ ಅಲುಗದೆ ನಿಂತ ಎಂಜಿನ್ನನ್ನು ಬಂದರಿನಲ್ಲಿ ‘ಜಾಮ್ ಆಗಿದೆ’, ‘ಸೀಜ್ ಆಗಿದೆ’ ಎನ್ನುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ 61 ದಿನಗಳ ನಿಷೇಧ ಇರುತ್ತದೆ. ಆ ಎರಡು ತಿಂಗಳ ವಿರಾಮದಲ್ಲಿ ಎಂಜಿನ್ ಹಿಡಿದುಕೊಳ್ಳುವುದು ಅಪರೂಪ. ಹಚ್ಚಿ ನೋಡುವವರು, ಒರೆಸಿ ಇಡುವವರು ಇರುತ್ತಾರೆ. ಕೆಡುವುದು ಸಾಲಕ್ಕೋ ಪಾಲುದಾರರ ತಕರಾರಿಗೋ ಆಳುಗಳ ಕೊರತೆಗೋ ಸಿಕ್ಕಿ ವರ್ಷಗಟ್ಟಲೆ ದಡದಲ್ಲಿ ಕೂತ ದೋಣಿಗಳ ಎಂಜಿನ್. ಮಲ್ಪೆ, ಗಂಗೊಳ್ಳಿ, ತದಡಿ, ಕಾರವಾರದಂಥ ಯಾವ ಮೀನುಗಾರಿಕಾ ಬಂದರಿಗೂ ಇದು ಹೊಸತಲ್ಲ. ಅಂಥ ಎಂಜಿನ್ ಬಿಡಿಸುವ ಬಗ್ಗೆ ಹರಡಿರುವ ನಂಬಿಕೆಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ತಪ್ಪು, ಒಂದೆರಡು ಪ್ರಾಣಕ್ಕೇ ಸಂಚಕಾರ.

‘ಸೀಜ್ ಆಯಿತೆಂದರೆ ಗುಜರಿಗೇ’

ಎರಡು ಬೇರೆ ಕಾಯಿಲೆಗಳಿಗೆ ಒಂದೇ ಹೆಸರು ಇರುವುದರಿಂದ ಹುಟ್ಟಿದ ಮಾತಿದು. ಓಡುತ್ತಿರುವಾಗಲೇ ಆಯಿಲ್ ಮುಗಿದೋ, ತಂಪು ಮಾಡುವ ನೀರು ನಿಂತೋ ಎಂಜಿನ್ ಹಿಡಿದುಕೊಂಡರೆ ಅದು ಬಿಸಿಯಲ್ಲಿ ಆದ ಹಾನಿ. ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಸಿಲಿಂಡರ್ ಗೋಡೆಗೆ ಮೆತ್ತಿಕೊಂಡಿರುತ್ತದೆ, ಇಲ್ಲವೇ ಬೇರಿಂಗ್ ಸುಟ್ಟು ಶಾಫ್ಟನ್ನು ಕಚ್ಚಿಕೊಂಡಿರುತ್ತದೆ. ಅದನ್ನು ಪೂರ್ತಿ ಬಿಚ್ಚದೆ ದಾರಿಯಿಲ್ಲ.

ಚೆನ್ನಾಗಿ ಓಡುತ್ತಿದ್ದದ್ದನ್ನು ನಿಲ್ಲಿಸಿ, ವರ್ಷಗಳ ನಂತರ ನೋಡಿದಾಗ ತಿರುಗದಿದ್ದರೆ ಕಾರಣ ಹೆಚ್ಚಾಗಿ ತುಕ್ಕು. ಪಿಸ್ಟನ್ ರಿಂಗ್‌ಗಳು ಬೀಡುಕಬ್ಬಿಣದವು; ಅವು ಒತ್ತಿಕೊಂಡಿರುವ ಲೈನರ್ ಕೂಡ ಸಾಮಾನ್ಯವಾಗಿ ಬೀಡುಕಬ್ಬಿಣದ್ದೇ. ಕಬ್ಬಿಣ ತುಕ್ಕಾದಾಗ ಮೂಲ ಲೋಹಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಎಣ್ಣೆಯ ತೆಳು ಪದರಕ್ಕಷ್ಟೇ ಜಾಗವಿರುವ ಸಂದಿಯಲ್ಲಿ ಆ ಹಿಗ್ಗುವಿಕೆ ಬೆಣೆ ಹೊಡೆದಂತೆ. ಸಾಮಾನ್ಯವಾಗಿ ತುಕ್ಕು ಎಲ್ಲ ಸಿಲಿಂಡರ್‌ಗಳಲ್ಲಿ ಸಮನಾಗಿ ಹಿಡಿಯುವುದಿಲ್ಲ. ಎಂಜಿನ್ ನಿಂತ ಗಳಿಗೆಯಲ್ಲಿ ಯಾವ ಸಿಲಿಂಡರಿನ ವಾಲ್ವ್ ತೆರೆದಿತ್ತೋ ಅದರೊಳಗೆ ಸೈಲೆನ್ಸರ್ ಕಡೆಯಿಂದ ತೇವದ ಗಾಳಿ, ಕೆಲವೊಮ್ಮೆ ನೀರೇ ಇಳಿದಿರುತ್ತದೆ. ನಾಲ್ಕರಲ್ಲಿ ಒಂದು ಹಿಡಿದರೂ ಸಾಕು, ಇಡೀ ಎಂಜಿನ್ ನಿಲ್ಲುತ್ತದೆ. ಉಳಿದ ಮೂರು ಆರೋಗ್ಯವಾಗಿರುವ ಎಂಜಿನ್ನನ್ನು ಕಿಲೋ ಲೆಕ್ಕದಲ್ಲಿ ತೂಗಿ ಮಾರುವುದು ದೊಡ್ಡ ನಷ್ಟ.

‘ತಿರುಗಲಿಲ್ಲವೆಂದರೆ ಪಿಸ್ಟನ್ನೇ ಹಿಡಿದಿದೆ’

ಎಂಜಿನ್ನಿಗೆ ಗೇರ್ ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ನೀರಿನ ಪಂಪ್, ಡೈನಮೋ, ಸೆಲ್ಫ್ ಮೋಟಾರ್ ಇವೆಲ್ಲ ಅಂಟಿಕೊಂಡಿರುತ್ತವೆ. ಇವುಗಳಲ್ಲಿ ಒಂದು ಹಿಡಿದರೂ ಹೊರಗಿನಿಂದ ಕಾಣುವ ಲಕ್ಷಣ ಒಂದೇ. ಗೇರ್ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದು, ಪ್ರೊಪೆಲ್ಲರಿಗೆ ಹಳೆಯ ಬಲೆಯ ಹಗ್ಗ ಸುತ್ತಿಕೊಂಡಿರಬಹುದು. ಸೆಲ್ಫ್ ಮೋಟಾರಿನ ಹಲ್ಲುಚಕ್ರ ಫ್ಲೈವೀಲಿನಲ್ಲಿ ಸಿಕ್ಕಿಕೊಂಡೇ ಉಳಿದಿರಬಹುದು. ಬೆಲ್ಟ್ ಬಿಚ್ಚಿ, ಸೆಲ್ಫ್ ಮೋಟಾರ್ ಕಳಚಿ, ಗೇರ್ ಬಾಕ್ಸನ್ನು ಬೇರ್ಪಡಿಸಿ ಮತ್ತೆ ತಿರುಗಿಸಿ ನೋಡಲು ಅರ್ಧ ದಿನ ಸಾಕು. ಈ ಅರ್ಧ ದಿನ ಉಳಿಸಲು ಹೋಗಿ ಹೆಡ್ ಬಿಚ್ಚಿ, ಒಳಗೆ ಏನೂ ಆಗಿಲ್ಲವೆಂದು ಕಂಡುಕೊಂಡವರು ಕಡಿಮೆಯಿಲ್ಲ.

‘ಒಳ್ಳೆ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದರೆ ಬಿಡುತ್ತದೆ’

ಇದು ಅತಿ ದುಬಾರಿಯಾದ ತಪ್ಪು. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಎಂಜಿನ್ ತಿರುಗದಿರಲು ಆ ನೀರೇ ಕಾರಣವಾಗಿರಬಹುದು. ಗಾಳಿಯನ್ನು ಒತ್ತಿ ಚಿಕ್ಕದು ಮಾಡಬಹುದು. ಡೀಸೆಲ್ ಎಂಜಿನ್ ಗಾಳಿಯನ್ನು ಸುಮಾರು ಹದಿನಾರರಲ್ಲಿ ಒಂದು ಪಾಲಿಗೆ ಅಥವಾ ಇನ್ನೂ ಚಿಕ್ಕದಕ್ಕೆ ಒತ್ತುತ್ತದೆ. ನೀರು ಹಾಗೆ ಒತ್ತಿಸಿಕೊಳ್ಳುವುದಿಲ್ಲ. ಮೇಲೇರುವ ಪಿಸ್ಟನ್ ನೀರಿಗೆ ಬಡಿದಾಗ ಬಾಗುವುದು ಕನೆಕ್ಟಿಂಗ್ ರಾಡ್. ಹೊರಗೆ ಏನೂ ಕಾಣದೆ ಬಾಗಿದ ರಾಡ್ ಮುಂದೊಂದು ದಿನ ಸಮುದ್ರದ ನಡುವೆ ಮುರಿದು ಬ್ಲಾಕನ್ನೇ ತೂತು ಮಾಡಬಹುದು.

ಹಾಗಾಗಿ ಮೊದಲ ಕೆಲಸ ಡೀಸೆಲ್ ಎಂಜಿನ್ನಿನಲ್ಲಿ ನಾಝಲ್‌ಗಳನ್ನೂ, ಪೆಟ್ರೋಲ್ ಅಥವಾ ಸೀಮೆಎಣ್ಣೆಯ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್‌ಗಳನ್ನೂ ಕಳಚುವುದು. ನೀರಿದ್ದರೆ ತೂತಿನಿಂದ ಹೀರಿ ತೆಗೆಯಬೇಕು. ಆಯಿಲ್ ಕಡ್ಡಿ ಎಳೆದು ನೋಡಿದಾಗ ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಕೆಳಗಿನ ತಟ್ಟೆಗೂ ಇಳಿದಿದೆ ಎಂದರ್ಥ. ಎಂಜಿನ್ ಕೈಯಲ್ಲಿ ಸಲೀಸಾಗಿ ಎರಡು ಸುತ್ತು ತಿರುಗುವವರೆಗೆ ಬ್ಯಾಟರಿಯ ತಂತಿ ಜೋಡಿಸಲೇಬಾರದು.

‘ಇಂಥದ್ದೊಂದು ದ್ರವ ಹಾಕಿದರೆ ರಾತ್ರಿ ಬೆಳಗಾಗುವುದರೊಳಗೆ ಬಿಡುತ್ತದೆ’

ಪ್ರತಿ ಬಂದರಿಗೂ ಒಂದು ಮದ್ದಿದೆ: ಸೀಮೆಎಣ್ಣೆ, ಡೀಸೆಲ್, ಬ್ರೇಕ್ ಆಯಿಲ್, ವಿನೆಗರ್, ಕೋಲಾ. ಹೆಚ್ಚು ಹೆಸರು ಮಾಡಿದ್ದು ಡಬ್ಲ್ಯುಡಿ-40. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 1953ರಲ್ಲಿ ಅದನ್ನು ತಯಾರಿಸಿದ್ದು ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಂತೆ ಕಾಯಲು. ಹೆಸರಿನ ಎರಡು ಅಕ್ಷರಗಳ ಅರ್ಥ ‘ನೀರನ್ನು ಹೊರದೂಡುವುದು’, ನಲವತ್ತು ಎಂದರೆ ನಲವತ್ತನೆಯ ಪ್ರಯತ್ನದ ಮಿಶ್ರಣ. ತೇವ ಓಡಿಸುವುದರಲ್ಲಿ ಅದು ನಿಜಕ್ಕೂ ಒಳ್ಳೆಯದು. ವರ್ಷಗಳ ತುಕ್ಕಿನೊಳಗೆ ಇಳಿದು ಕೂರಬೇಕಾದ ಕೆಲಸಕ್ಕೆ ಮಾತ್ರ ಬೇಗ ಆರಿಹೋಗದ, ತೆಳುವಾದ ಎಣ್ಣೆ ಮೇಲು. ಗೇರ್ ಬಾಕ್ಸಿಗೆ ಹಾಕುವ ತೆಳು ಎಟಿಎಫ್ ಎಣ್ಣೆಗೆ ಡೀಸೆಲ್ ಬೆರೆಸಿದರೂ ನಡೆಯುತ್ತದೆ.

ಎಟಿಎಫ್‌ಗೆ ಅಸಿಟೋನ್ ಬೆರೆಸುವ ರೂಢಿಯೂ ಇದೆ. ಹೊರಗಿನ ನಟ್ಟು ಬೋಲ್ಟಿಗೆ ಅದು ಉಪಯುಕ್ತ. ಆದರೆ ಅಸಿಟೋನ್ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ. ಮುಚ್ಚಿದ ಎಂಜಿನ್ ಕೋಣೆಯಲ್ಲಿ ಅದನ್ನು ಬಳಸಬಾರದು. ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲ ಇರುವುದು, ಅದು ತುಕ್ಕನ್ನು ಸ್ವಲ್ಪ ತಿನ್ನುವುದು ನಿಜ. ಹೊರಗೆ ತೆಗೆದ ಬೋಲ್ಟನ್ನು ಅದರಲ್ಲಿ ನೆನೆಸಿ ತೊಳೆಯಬಹುದು. ಎಂಜಿನ್ನಿನೊಳಗೆ ಸುರಿದರೆ ತೊಳೆಯುವುದು ಹೇಗೆ? ಆಮ್ಲವೂ ಸಕ್ಕರೆಯ ಅಂಟೂ ಅಲ್ಲೇ ಉಳಿದು, ಅಲ್ಯೂಮಿನಿಯಂ ಪಿಸ್ಟನ್ನನ್ನೂ ಹೊಸದಾಗಿ ಬಯಲಾದ ಕಬ್ಬಿಣವನ್ನೂ ತಿನ್ನತೊಡಗುತ್ತವೆ. ವಿನೆಗರಿಗೂ ಇದೇ ಮಾತು.

ಯಾವ ದ್ರವ ಎನ್ನುವುದಕ್ಕಿಂತ ಎಷ್ಟು ದಿನ ಎನ್ನುವುದು ಮುಖ್ಯ. ಪ್ರತಿ ಸಿಲಿಂಡರಿಗೂ ಪಿಸ್ಟನ್ ಮುಳುಗುವಷ್ಟು ಎಣ್ಣೆ ಹಾಕಿ, ಮಟ್ಟವನ್ನು ಕಡ್ಡಿಯಿಂದ ಅಳೆದು ಗುರುತು ಮಾಡಿ, ದಿನಾ ನೋಡಬೇಕು. ಮಟ್ಟ ಇಳಿಯುತ್ತಿದ್ದರೆ ರಿಂಗಿನ ಸಂದಿಯಲ್ಲಿ ಎಣ್ಣೆ ಹಾದುಹೋಗುತ್ತಿದೆ. ವಾರವಾದರೂ ಒಂದು ಸಿಲಿಂಡರಿನಲ್ಲಿ ಮಾತ್ರ ಹನಿಯೂ ಇಳಿಯದಿದ್ದರೆ ಹಿಡಿದಿರುವುದು ಬಹುಮಟ್ಟಿಗೆ ಅದೇ. ಕೆಲವು ಎಂಜಿನ್ ಮೂರು ದಿನಕ್ಕೆ ಬಿಡುತ್ತವೆ, ಕೆಲವು ತಿಂಗಳು ಕೇಳುತ್ತವೆ. ನಾಡದೋಣಿಯ ಔಟ್‌ಬೋರ್ಡಿನಲ್ಲಿ ಸಿಲಿಂಡರ್‌ಗಳು ಅಡ್ಡಕ್ಕೆ ಮಲಗಿರುತ್ತವೆ. ನಿಂತ ಸ್ಥಿತಿಯಲ್ಲೇ ಎಣ್ಣೆ ಹಾಕಿದರೆ ಕೆಳಗಿನ ಅರ್ಧವಷ್ಟೇ ನೆನೆಯುತ್ತದೆ. ಎಂಜಿನ್ನನ್ನು ದೋಣಿಯಿಂದ ಇಳಿಸಿ, ಪ್ಲಗ್ ತೂತು ಆಕಾಶ ನೋಡುವಂತೆ ಮಲಗಿಸಿಯೇ ಎಣ್ಣೆ ತುಂಬಬೇಕು.

‘ಉದ್ದ ಪೈಪು, ದೊಡ್ಡ ಸುತ್ತಿಗೆ, ಗ್ಯಾಸ್ ಬೆಂಕಿ’

ನೆನೆಸುವ ತಾಳ್ಮೆ ಮುಗಿದಾಗ ಹೊರಬರುವ ಮೂರು ಆಯುಧಗಳಿವು. ಒಂದು ಮೀಟರ್ ಪೈಪಿನ ತುದಿಗೆ 50 ಕಿಲೋ ತೂಕ ಬಿದ್ದರೆ ಇನ್ನೊಂದು ತುದಿಯ ಬೋಲ್ಟಿನ ಮೇಲೆ ಸುಮಾರು 490 ನ್ಯೂಟನ್ ಮೀಟರ್ ತಿರುಚು ಬಲ ಬೀಳುತ್ತದೆ. ಅನೇಕ ಚಿಕ್ಕ ಎಂಜಿನ್‌ಗಳ ಕ್ರ್ಯಾಂಕ್ ಬೋಲ್ಟ್ ಅಷ್ಟು ತಾಳುವುದಿಲ್ಲ. ಬೋಲ್ಟ್ ತಾಳಿದರೂ ತುಕ್ಕಿನ ಗಂಟಿಗೆ ಸಿಕ್ಕ ರಿಂಗ್ ಮುರಿದು ಲೈನರನ್ನು ಗೀರುತ್ತದೆ. ಸರಿಯಾದ ಕ್ರಮ ಬೇರೆ: ಫ್ಲೈವೀಲಿನ ಹಲ್ಲಿಗೆ ಅಥವಾ ಕ್ರ್ಯಾಂಕ್ ಬೋಲ್ಟಿಗೆ ಮಧ್ಯಮ ಬಲ ಕೊಟ್ಟು ಬಿಡುವುದು, ಮತ್ತೆ ಕೊಡುವುದು, ದಿನಕ್ಕೆ ಹಲವು ಸಲ. ಕೂದಲೆಳೆಯಷ್ಟು ಅಲುಗಿದರೂ ಅಲ್ಲಿಗೇ ನಿಲ್ಲಿಸಿ ಹಿಂದಕ್ಕೆ ತರಬೇಕು, ಎಣ್ಣೆ ಹಾಕಬೇಕು, ಮತ್ತೆ ಮುಂದಕ್ಕೆ ಒಯ್ಯಬೇಕು. ಹಿಂದುಮುಂದಿನ ಈ ಅಲುಗಾಟವೇ ತುಕ್ಕನ್ನು ಪುಡಿ ಮಾಡುವುದು. ಬೋಲ್ಟ್ ಹಿಡಿದು ತಿರುಗಿಸುವಾಗ ಹಿಂದಿನ ದಿಕ್ಕಿಗೆ ಹೆಚ್ಚು ಬಲ ಹಾಕಿದರೆ ಬೋಲ್ಟೇ ಸಡಿಲವಾಗಬಹುದು, ಅದನ್ನು ಗಮನಿಸುತ್ತಿರಬೇಕು.

ಹೆಡ್ ಬಿಚ್ಚಿದ ಮೇಲೆ ಪಿಸ್ಟನ್ನಿಗೆ ಹೊಡೆಯುವುದು ಪೂರ್ತಿ ನಿಷಿದ್ಧವೇನಲ್ಲ. ಪಿಸ್ಟನ್ನಿನ ಅಗಲಕ್ಕೆ ಕೊರೆದ ಗಟ್ಟಿಮರದ ತುಂಡನ್ನು ಇಟ್ಟು ಹಗುರಾಗಿ ಬಡಿಯಬಹುದು. ಆದರೆ ಯಾವ ಪಿಸ್ಟನ್ನಿಗೆ ಎನ್ನುವುದು ತಿಳಿದಿರಬೇಕು. ಪಿಸ್ಟನ್ ತುತ್ತತುದಿಯಲ್ಲೋ ತೀರಾ ಕೆಳಗೋ ಇದ್ದಾಗ ರಾಡ್ ಮತ್ತು ಕ್ರ್ಯಾಂಕ್ ಒಂದೇ ಗೆರೆಯಲ್ಲಿ ನಿಂತಿರುತ್ತವೆ. ಆಗ ಎಷ್ಟು ಹೊಡೆದರೂ ಕ್ರ್ಯಾಂಕ್ ತಿರುಗದು, ಪೆಟ್ಟೆಲ್ಲ ಬೇರಿಂಗಿಗೆ. ಮಧ್ಯದಲ್ಲಿ ನಿಂತ ಪಿಸ್ಟನ್ ಮಾತ್ರ ಪೆಟ್ಟನ್ನು ತಿರುಗುವ ಬಲವಾಗಿ ಬದಲಿಸುತ್ತದೆ. ಕಬ್ಬಿಣದ ಸುತ್ತಿಗೆ ನೇರವಾಗಿ ಅಲ್ಯೂಮಿನಿಯಂ ಮೇಲೆ ಬಿದ್ದರೆ ಆ ಪಿಸ್ಟನ್ ಮುಗಿದಂತೆ.

ಬೆಂಕಿಯ ಲೆಕ್ಕ ಇನ್ನೂ ತಲೆಕೆಳಗು. ಬಿಸಿ ಮಾಡಿದರೆ ಸಿಲಿಂಡರ್ ಹಿಗ್ಗಿ ಪಿಸ್ಟನ್ ಸಡಿಲವಾಗುತ್ತದೆ ಎಂಬುದು ಊಹೆ. ಅಲ್ಯೂಮಿನಿಯಂ ಬೀಡುಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. 100 ಮಿಲಿಮೀಟರ್ ಅಗಲದ ಪಿಸ್ಟನ್ನೂ ಅದರ ಸಿಲಿಂಡರೂ 50 ಡಿಗ್ರಿ ಬಿಸಿಯೇರಿದರೆ ಪಿಸ್ಟನ್ ಸುಮಾರು 0.115 ಮಿಲಿಮೀಟರ್, ಸಿಲಿಂಡರ್ ಸುಮಾರು 0.055 ಮಿಲಿಮೀಟರ್ ಹಿಗ್ಗುತ್ತವೆ. ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ಒಂದೇ ಕಡೆ ಗ್ಯಾಸ್ ಜ್ವಾಲೆ ಹಿಡಿದರೆ ಬ್ಲಾಕ್ ಸೀಳುವ ಭಯ, ಒಳಗೆ ಸುರಿದ ಎಣ್ಣೆ ಹೊತ್ತಿಕೊಳ್ಳುವ ಭಯ ಬೇರೆ. ಇಡೀ ಬ್ಲಾಕನ್ನು ನಿಧಾನವಾಗಿ ಬೆಚ್ಚಗೆ ಮಾಡಿ ಆರಲು ಬಿಟ್ಟರೆ, ಆರುವಾಗ ಎಣ್ಣೆ ಸಂದಿಗೆ ಇಳಿಯಲು ನೆರವಾಗುತ್ತದೆ; ಶಾಖದಿಂದ ಸಿಗುವ ಲಾಭ ಅಷ್ಟೇ.

‘ಒಣಗಿದರೆ ಉಪ್ಪುನೀರಿನಿಂದ ಭಯವಿಲ್ಲ’

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ನೀರು ಆರಿದರೂ ಲವಣ ಉಳಿಯುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದ ಕೂಡಲೇ ಉಪ್ಪು ತಾನೇ ನೀರು ಹೀರಿ ಒಸರತೊಡಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯೇ ಇದಕ್ಕೆ ಸಾಕ್ಷಿ. ಕರಾವಳಿಯ ಮಳೆಗಾಲದಲ್ಲಿ ತೇವಾಂಶ ಆ ಮಟ್ಟಕ್ಕಿಂತ ಮೇಲೇ ಇರುವುದರಿಂದ ಎಂಜಿನ್ನಿನೊಳಗಿನ ಉಪ್ಪು ವರ್ಷದ ಹಲವು ತಿಂಗಳು ಒದ್ದೆಯಾಗಿಯೇ ಇರುತ್ತದೆ. ಆದ್ದರಿಂದ ಸಿಹಿನೀರಿನಲ್ಲಿ ತೊಳೆಯದೆ ಇಟ್ಟ ಎಂಜಿನ್ ಒಣಗಿದ ಎಂಜಿನ್ ಅಲ್ಲ.

ದೋಣಿ ಮಗುಚಿ ಔಟ್‌ಬೋರ್ಡ್ ಮುಳುಗಿದಾಗ ಅದನ್ನು ಮೇಲೆತ್ತಿ ಬಿಸಿಲಿಗೆ ಒಣಹಾಕುವುದೂ ಇದೇ ನಂಬಿಕೆಯ ಫಲ. ತುಕ್ಕಿಗೆ ನೀರಿನ ಜೊತೆ ಆಮ್ಲಜನಕ ಬೇಕು, ಬಿಸಿಲಿನಲ್ಲಿ ಎರಡೂ ಧಾರಾಳ. ತಕ್ಷಣ ಬಿಚ್ಚಲು ಮೆಕ್ಯಾನಿಕ್ ಸಿಗದಿದ್ದರೆ ಡ್ರಮ್ಮಿನಲ್ಲಿ ಸಿಹಿನೀರು ತುಂಬಿ ಎಂಜಿನ್ನನ್ನು ಪೂರ್ತಿ ಮುಳುಗಿಸಿ ಇಡುವುದು, ಗಾಳಿಗೆ ಬಿಡುವುದಕ್ಕಿಂತ ಉತ್ತಮ.

‘ತಿರುಗಿದರೆ ಕೆಲಸ ಮುಗಿಯಿತು’

ತಿರುಗಿದ ಗಳಿಗೆಯ ಸಂತೋಷದಲ್ಲೇ ಚಾಲೂ ಮಾಡಲು ಹೋಗುವುದು ಸಹಜ, ಅಪಾಯವೂ ಅಲ್ಲೇ. ವಾಲ್ವ್‌ಗಳು ತಮ್ಮ ಕೊಳವೆಯಲ್ಲಿ ಅಂಟಿಕೊಂಡಿದ್ದರೆ ಪುಶ್ ರಾಡ್ ಬಾಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ನೇ ವಾಲ್ವಿಗೆ ಬಡಿಯುತ್ತದೆ. ಎರಡು ಸ್ಟ್ರೋಕಿನ ಔಟ್‌ಬೋರ್ಡಿಗೆ ಆಯಿಲ್ ತಟ್ಟೆಯೇ ಇಲ್ಲ, ಇಂಧನದ ಜೊತೆ ಬರುವ ಎಣ್ಣೆಯಷ್ಟೇ ಆಧಾರ. ಹಾಗಾಗಿ ಪಿಸ್ಟನ್ ಬಿಟ್ಟರೂ ಕ್ರ್ಯಾಂಕಿನ ಬೇರಿಂಗ್‌ಗಳಲ್ಲಿ ತುಕ್ಕಿನ ಗುಳಿ ಬಿದ್ದಿರುವುದು ಸಾಮಾನ್ಯ. ಕೈಯಲ್ಲಿ ತಿರುಗಿಸುವಾಗ ಗರಗರ ಎಂದರೆ ಬೇರಿಂಗ್ ಬದಲಿಸಲೇಬೇಕು. ಟ್ಯಾಂಕಿನ ಹಳೆಯ ಇಂಧನವನ್ನು ಪೂರ್ತಿ ಚೆಲ್ಲಬೇಕು: ಪೆಟ್ರೋಲ್ ಅಂಟಾಗಿರುತ್ತದೆ, ಡೀಸೆಲ್ಲಿನ ತಳದ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟಿರುತ್ತದೆ. ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಗಟ್ಟಿಯಾಗಿ ಬಿರಿದಿರುತ್ತದೆ; ಅದನ್ನು ಬದಲಿಸದೆ ಓಡಿಸಿದರೆ ತುಕ್ಕಿನಿಂದ ಬಿಡಿಸಿದ ಎಂಜಿನ್ ಬಿಸಿಯಿಂದ ಮತ್ತೆ ಹಿಡಿಯುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ಇನ್ನೊಂದು ದೊಡ್ಡ ಅಪಾಯವಿದೆ. ನೆನೆಸಲು ಹಾಕಿದ ಎಣ್ಣೆ ರಿಂಗ್ ದಾಟಿ ಕೆಳಗಿನ ಆಯಿಲ್‌ಗೆ ಸೇರಿ ಅದನ್ನು ತೆಳುವಾಗಿಸುತ್ತದೆ, ಮಟ್ಟವನ್ನೂ ಏರಿಸುತ್ತದೆ. ಸಿಲಿಂಡರಿನಲ್ಲೂ ಒಂದಿಷ್ಟು ಉಳಿದಿರುತ್ತದೆ. ಹಾಗೆಯೇ ಚಾಲೂ ಮಾಡಿದರೆ ಎಂಜಿನ್ ಆ ಎಣ್ಣೆಯನ್ನೇ ಇಂಧನವಾಗಿ ಉರಿಸುತ್ತ, ಡೀಸೆಲ್ ನಿಲ್ಲಿಸಿದರೂ ನಿಲ್ಲದೆ ವೇಗ ಏರಿಸಿಕೊಂಡು ಒಡೆಯುವವರೆಗೂ ಓಡಬಹುದು. ಅದನ್ನು ನಿಲ್ಲಿಸುವ ದಾರಿ ಗಾಳಿ ತಡೆಯುವುದು. ಆದ್ದರಿಂದ ಮೊದಲು ಸಿಲಿಂಡರ್ ಬರಿದು ಮಾಡಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಗಾಳಿ ಬರುವ ಬಾಯಿಗೆ ಸರಿಯಾಗಿ ಕೂರುವ ಹಲಗೆಯೊಂದನ್ನು ಕೈಗೆಟಕುವಲ್ಲಿ ಇಟ್ಟುಕೊಂಡೇ ಚಾಲೂ ಮಾಡಬೇಕು. ಕೈಯನ್ನಾಗಲಿ ಬಟ್ಟೆಯನ್ನಾಗಲಿ ಆ ಬಾಯಿಗೆ ಒಡ್ಡಬಾರದು, ಎಂಜಿನ್ ಎಳೆದುಕೊಳ್ಳುತ್ತದೆ.

ಕಂಪ್ರೆಷನ್ ಅಳೆದಾಗ ಒಂದು ಸಿಲಿಂಡರ್ ಉಳಿದವುಗಳಿಗಿಂತ ತೀರಾ ಕಡಿಮೆ ತೋರಿಸಿದರೆ ರಿಂಗ್ ಅಂಟಿದೆ ಅಥವಾ ಲೈನರಿನಲ್ಲಿ ಗುಳಿಯಿದೆ. ಕೆಲವು ಗಂಟೆ ಓಡಿದ ಮೇಲೆ ರಿಂಗ್ ತಾನೇ ಬಿಟ್ಟು ಅಳತೆ ಏರುವುದುಂಟು. ಏರದಿದ್ದರೆ ಲೈನರ್ ಬದಲಿಸುವ ಅಥವಾ ಬೋರ್ ಮಾಡಿಸುವ ಖರ್ಚಿಗೆ ಸಿದ್ಧರಾಗಬೇಕು. ಧಕ್ಕೆಗೆ ಕಟ್ಟಿ, ಗೇರ್ ಹಾಕಿ, ಭಾರದಲ್ಲಿ ಗಂಟೆಗಟ್ಟಲೆ ಓಡಿಸಿದಾಗ ಬಿಸಿ, ಆಯಿಲ್ ಒತ್ತಡ, ಹೊಗೆಯ ಬಣ್ಣ ಮೂರೂ ಸರಿಯಿದ್ದರೆ ಮಾತ್ರ ಎಂಜಿನ್ ಬಿಟ್ಟಿದೆ ಎನ್ನಬಹುದು. ಆ ಪರೀಕ್ಷೆ ಆಗದ ಎಂಜಿನ್ ನಂಬಿ ಯಾವ ದೋಣಿಯೂ ಅಳಿವೆ ದಾಟಬಾರದು.