ರಕ್ತ ಬಿಟ್ಟ ಕಪ್ಪು ಗೆರೆ

ಇಲಿ ಮಾಮೂಲಿ ಗಾಳಿ ಉಸಿರಾಡುವಾಗ ಅದರ ಮಿದುಳಿನ ಚಿತ್ರದ ತುಂಬ ಎಳೆ ಎಳೆಯಾಗಿ ಕಪ್ಪು ಗೆರೆಗಳು. ಶುದ್ಧ ಆಮ್ಲಜನಕ ಕೊಟ್ಟರೆ ಗೆರೆಗಳು ಬಹುತೇಕ ಮಾಯ. ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಸೇಜಿ ಒಗಾವಾ ಈ ಚಿತ್ರಗಳನ್ನು ತೆಗೆದದ್ದು ಭೂಮಿಯ ಕಾಂತಬಲದ ಲಕ್ಷಪಟ್ಟಿಗೂ ಮೀರಿದ, 7 ಟೆಸ್ಲಾದ ಎಂಆರ್‌ಐ ಆಯಸ್ಕಾಂತದಲ್ಲಿ. ಯಂತ್ರದ ದೋಷವೆಂದು ಗೆರೆಗಳನ್ನು ಬದಿಗೆ ಸರಿಸಬಹುದಿತ್ತು. ಒಗಾವಾ ಹಾಗೆ ಮಾಡಲಿಲ್ಲ. ಅದರ ಕಾರಣ ಅವರ ಹಿಂದಿನ ಇಪ್ಪತ್ತು ವರ್ಷಗಳ ದುಡಿಮೆಯಲ್ಲಿದೆ.

1934ರಲ್ಲಿ ಟೋಕಿಯೋದಲ್ಲಿ ಹುಟ್ಟಿದ ಒಗಾವಾ ಮೊದಲು ಓದಿದ್ದು ಅನ್ವಯಿಕ ಭೌತವಿಜ್ಞಾನ. 1967ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಸಾಯನಶಾಸ್ತ್ರದ ಪಿಎಚ್‌ಡಿ ಪಡೆದು, ಮರುವರ್ಷ ಬೆಲ್ ಲ್ಯಾಬ್ಸ್ ಸೇರಿದರು. ಅದು ಆಗ ಟೆಲಿಫೋನ್ ಕಂಪನಿಯ ಪ್ರಯೋಗಾಲಯ, ಟ್ರಾನ್ಸಿಸ್ಟರ್ ಹುಟ್ಟಿದ ಜಾಗ. ಅಲ್ಲಿ ಅವರು ಹಿಡಿದ ವಸ್ತು ಹಿಮೋಗ್ಲೋಬಿನ್: ರಕ್ತಕ್ಕೆ ಕೆಂಪು ಕೊಡುವ, ಆಮ್ಲಜನಕ ಹೊರುವ, ನಡುವೆ ಕಬ್ಬಿಣವಿರುವ ಅಣು. ಈ ಅಣುವಿನ ವಿಚಿತ್ರ ಗುಣವೊಂದನ್ನು ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ತೋರಿಸಿದ್ದರು. ಆಮ್ಲಜನಕ ಹೊತ್ತಿದ್ದಾಗ ಹಿಮೋಗ್ಲೋಬಿನ್ ಆಯಸ್ಕಾಂತದ ಸೆಳೆತಕ್ಕೆ ಸಿಗುವುದಿಲ್ಲ. ಹೊರೆ ಇಳಿಸಿದ ಕೂಡಲೇ ಸಿಗುತ್ತದೆ.

ಕಪ್ಪು ಗೆರೆಗಳ ಗುಟ್ಟು ಇದೇ. ಎಂಆರ್‌ಐ ಯಂತ್ರ ನಮ್ಮ ದೇಹದ ನೀರಿನಲ್ಲಿರುವ ಜಲಜನಕದ ಬೀಜಕಣಗಳನ್ನು ಒಂದೇ ತಾಳಕ್ಕೆ ಕುಣಿಸುತ್ತದೆ. ಕೋಲಾಟದಲ್ಲಿ ಎಲ್ಲರ ಕೋಲೂ ಒಟ್ಟಿಗೆ ಬಿದ್ದರೆ ಸದ್ದು ದೂರದವರೆಗೆ ಕೇಳುತ್ತದೆ; ತಾಳ ತಪ್ಪಿದರೆ ಬರೀ ಗಲಗಲ. ಆಮ್ಲಜನಕ ಇಳಿಸಿದ ರಕ್ತ ತನ್ನ ಸುತ್ತಲಿನ ಕಾಂತಕ್ಷೇತ್ರವನ್ನು ಕೊಂಚ ಕದಡುತ್ತದೆ. ಅಲ್ಲಿ ಬೀಜಕಣಗಳ ತಾಳ ತಪ್ಪಿ, ಸಂಕೇತ ಸೊರಗಿ, ಚಿತ್ರ ಕಪ್ಪಾಗುತ್ತದೆ. ಒಗಾವಾ ರಕ್ತ ತುಂಬಿದ ಕೊಳವೆಗಳನ್ನೇ ಯಂತ್ರದಲ್ಲಿಟ್ಟು ಪರೀಕ್ಷಿಸಿದರು. ಆಮ್ಲಜನಕವಿಲ್ಲದ ರಕ್ತದ ನೆರಳು ಕೊಳವೆಯ ಅಂಚು ದಾಟಿ ಹರಡಿತ್ತು. ಇಲಿಯ ಮಿದುಳಿನಲ್ಲಿ ಕಂಡದ್ದು ದೋಷವಲ್ಲ, ರಕ್ತನಾಳಗಳು. 1990ರಲ್ಲಿ ಪ್ರಕಟವಾದ ಈ ಶೋಧಕ್ಕೆ ಬೋಲ್ಡ್ ಎಂದು ಹೆಸರಾಯಿತು; ‘ರಕ್ತದ ಆಮ್ಲಜನಕದ ಮಟ್ಟವನ್ನು ಅವಲಂಬಿಸಿದ್ದು’ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಇವು.

ಹಾಗಾದರೆ ಮಿದುಳಿನ ಒಂದು ಭಾಗ ಕೆಲಸಕ್ಕೆ ಇಳಿದಾಗ ಆಮ್ಲಜನಕ ಖರ್ಚಾಗಿ ಚಿತ್ರ ಅಲ್ಲಿ ಕಪ್ಪಾಗಬೇಕಲ್ಲವೇ? ಆಗುವುದು ಅದರ ತದ್ವಿರುದ್ಧ. ನರಕೋಶಗಳು ಚುರುಕಾದ ಕಡೆಗೆ ರಕ್ತ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ನುಗ್ಗುತ್ತದೆ. ನಾಲ್ವರು ನೆಂಟರು ಬಂದ ಮನೆಯಲ್ಲಿ ಹತ್ತು ಜನಕ್ಕಾಗುವಷ್ಟು ಅಡುಗೆ ಮಾಡಿದ ಹಾಗೆ. ಪೀಟರ್ ಫಾಕ್ಸ್ ಮತ್ತು ಮಾರ್ಕಸ್ ರೈಕಲ್ 1980ರ ದಶಕದಲ್ಲಿ ಇದನ್ನು ಅಳೆದು ತೋರಿಸಿದ್ದರು. ಮಿಕ್ಕ ಆಮ್ಲಜನಕ ರಕ್ತದಲ್ಲೇ ಉಳಿಯುವುದರಿಂದ ಕೆಲಸ ನಡೆದ ಜಾಗ ಒಂದಿಷ್ಟು ಬೆಳಗುತ್ತದೆ.

1992ರಲ್ಲಿ ಒಗಾವಾ ಮಿನ್ನೆಸೋಟಾ ವಿಶ್ವವಿದ್ಯಾಲಯದವರ ಜೊತೆ ಸೇರಿ ಮನುಷ್ಯರಲ್ಲೂ ಇದನ್ನು ಕಂಡರು. ಕಣ್ಣಿಗೆ ಬೆಳಕು ತೋರಿಸಿದಾಗ ತಲೆಯ ಹಿಂಭಾಗದ ದೃಷ್ಟಿಕೇಂದ್ರ ಬೆಳಗಿತು. ಅದೇ ವರ್ಷ ಬಾಸ್ಟನ್ ಮತ್ತು ಮಿಲ್ವಾಕಿಯ ತಂಡಗಳೂ ಇದನ್ನೇ ಸಾಧಿಸಿದವು. ಅದಕ್ಕೂ ಮುಂಚೆ ಮಿದುಳಿನ ಚಟುವಟಿಕೆಯ ಇಂಥ ನಕ್ಷೆ ಬೇಕೆಂದರೆ ಸಾಮಾನ್ಯವಾಗಿ ವಿಕಿರಣ ಸೂಸುವ ದ್ರವ್ಯವನ್ನು ಮೈಗೆ ಸೇರಿಸಬೇಕಿತ್ತು. ಈಗ ಸೂಜಿ ಬೇಡ, ವಿಕಿರಣ ಬೇಡ. ಒಬ್ಬರನ್ನೇ ಎಷ್ಟು ಸಲ ಬೇಕಾದರೂ ನೋಡಬಹುದು. ಮಿದುಳಿನ ಗಡ್ಡೆ ತೆಗೆಯುವ ಮುನ್ನ ಮಾತಿನ ಜಾಗ ಯಾವುದು, ಕೈ ಆಡಿಸುವ ಜಾಗ ಯಾವುದು ಎಂದು ಶಸ್ತ್ರವೈದ್ಯರು ಗುರುತಿಸಿಕೊಳ್ಳುವುದು ಇದೇ ವಿಧಾನದಿಂದ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಬಳಕೆಯಿದೆ.

ಆದರೆ ಚಿತ್ರ ಓದುವಾಗ ಎಚ್ಚರ ಬೇಕು. ನರಕೋಶಗಳ ಮಾತುಕತೆ ಸೆಕೆಂಡಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಮುಗಿದುಹೋಗುತ್ತದೆ. ರಕ್ತದ ಏರಿಕೆ ತುದಿ ಮುಟ್ಟುವಾಗ ಐದಾರು ಸೆಕೆಂಡು ಕಳೆದಿರುತ್ತದೆ. ಚಿತ್ರದ ಒಂದು ಚುಕ್ಕೆಯೊಳಗೆ ಲಕ್ಷಾಂತರ ನರಕೋಶಗಳಿರುತ್ತವೆ. ಬದಲಾವಣೆಯೂ ಹೆಚ್ಚಿನ ಸಲ ಶೇಕಡಾ ಒಂದೆರಡು ಮಾತ್ರ. ಪತ್ರಿಕೆಗಳಲ್ಲಿ ನಾವು ಕಾಣುವ ಕೆಂಪು ಹಳದಿ ಬಣ್ಣ ಮಿದುಳಿನದಲ್ಲ, ಲೆಕ್ಕಾಚಾರ ಮುಗಿದ ಮೇಲೆ ಕಂಪ್ಯೂಟರ್ ಹಚ್ಚಿದ್ದು. ಪ್ರೀತಿಯ ಕೇಂದ್ರ ಸಿಕ್ಕಿತು, ಸುಳ್ಳಿನ ಕೇಂದ್ರ ಸಿಕ್ಕಿತು ಎಂಬ ತಲೆಬರಹ ಕಂಡಾಗಲೆಲ್ಲ ಇದು ನೆನಪಿರಲಿ. ಆ ಚುಕ್ಕೆ ಆಲೋಚನೆಯಲ್ಲ, ದುಡಿಯುತ್ತಿರುವ ನರಕೋಶಗಳಿಗೆ ರಕ್ತ ಹೊತ್ತು ತಂದ ಬುತ್ತಿ. ಬುತ್ತಿ ಎಲ್ಲಿ ಇಳಿಯಿತೆಂದು ಅದು ಹೇಳುತ್ತದೆ. ಉಂಡವರು ಏನು ಮಾತಾಡಿಕೊಂಡರೆಂದು ಹೇಳುವುದಿಲ್ಲ.

ಇಲಿಯ ಚಿತ್ರದಲ್ಲಿ ಆ ಗೆರೆಗಳು ಕಂಡಾಗ ಒಗಾವಾ ಅವರಿಗೆ ಐವತ್ತು ದಾಟಿತ್ತು. ಹಿಮೋಗ್ಲೋಬಿನ್ನಿನ ಕೆಲಸ ಹಿಡಿದ ಕಾಲಕ್ಕೆ ಅದು ಮಿದುಳಿನವರೆಗೆ ಹೋಗಿ ಮುಟ್ಟೀತೆಂದು ಯಾರಿಗೆ ಗೊತ್ತಿತ್ತು? ಒಂದೇ ಅಣುವಿನ ಜೊತೆ ಅಷ್ಟು ಕಾಲ ಕಳೆದವರಾದ್ದರಿಂದ, ಕಪ್ಪು ಗೆರೆಯಲ್ಲಿ ಅದರ ಗುರುತು ಅವರಿಗೆ ಹತ್ತಿತು.